ಚಿತ್ರದಲ್ಲಿಲ್ಲದ ಕಣ್ಣು

“ಟೀಚರ್, ಕಣ್ಣ ಎಲ್ಲಿ ಇಡಬೇಕ್ರಿ?”

ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಕಲಬುರಗಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಮುಂದೆ ನಿಂತು ಭಾಗಮ್ಮ ಹೀಗೆ ಕೇಳಿದಾಗ ತಬ್ಬಿಬ್ಬಾದೆ. ಕಮಲಾಪುರದ ನಮ್ಮ ಸರ್ಕಾರಿ ಶಾಲೆಯಲ್ಲಿ ಸೂಕ್ಷ್ಮದರ್ಶಕದ ಚಿತ್ರ ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಭಾಗಗಳ ಹೆಸರನ್ನು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಈಗ ನೋಡಿದರೆ ಬಗ್ಗಿ, ಈರುಳ್ಳಿ ಸಿಪ್ಪೆ ಇಟ್ಟಿದ್ದ ಕೆಳಗಿನ ಗಾಜಿನ ಪಟ್ಟಿಗೇ ಮೂಗು ತಾಗಿಸಿಕೊಂಡು ಇಣುಕುತ್ತಿದ್ದಳು. ನಮ್ಮಲ್ಲಿ ಆ ಯಂತ್ರ ಇರುವುದು ಕರಿಹಲಗೆಯ ಮೇಲೆ ಮಾತ್ರ, ನಾನು ಸೀಮೆಸುಣ್ಣದಲ್ಲಿ ಬಿಡಿಸಿದಾಗ.

“ಚಿತ್ರ ಅಷ್ಟ್ ಚೆಂದ ತೆಗಿತಿ, ಇದು ಗೊತ್ತಿಲ್ಲೇನವ್ವ?” ಎಂದೆ.

“ಚಿತ್ರದಾಗ ಕಣ್ಣ ಇಲ್ಲಲ್ರಿ ಟೀಚರ್.”

ಅವಳ ತಲೆಯನ್ನು ಮೆಲ್ಲಗೆ ಮೇಲಿನ ಕೊಳವೆಯ ಬಳಿ ತಂದೆ. ಒಂದು ಕಣ್ಣು ಮುಚ್ಚಿ ಇಣುಕಿದಳು. ಆಮೇಲೆ, “ಉಳ್ಳಾಗಡ್ಡಿ ಸಿಪ್ಪ್ಯಾಗ ಇಟ್ಟಂಗಿ ಗೋಡಿ ಅದರಿ!” ಎಂದು ಕೂಗಿದಳು. ಹಿಂದೆ ಕಾಯುತ್ತಿದ್ದ ಹುಡುಗಿಯರು ಜಡೆ ಜಗ್ಗಿದರೂ ಕದಲಲಿಲ್ಲ.

ಮರಳುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಬಂದು ಕುಳಿತಳು. “ನಮ್ಮ ಸಾಲಿಗಿ ಇದು ಯಾವಾಗ ಬರ್ತದರಿ?”

ಮರುದಿನ ಎಂದಿನಂತೆ ಹಲಗೆಯ ಮೇಲೆ ಚಿತ್ರ ಬಿಡಿಸಿದೆ. ಭಾಗಮ್ಮ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಕೊಳವೆಯ ಮೇಲೊಂದು ಕಣ್ಣು ಬರೆದು ಹೋಗಿ ಕುಳಿತಳು. ಸಂಜೆ ಹಲಗೆ ಒರೆಸುವಾಗ ಯಂತ್ರವನ್ನು ಅಳಿಸಿದೆ, ಕಣ್ಣನ್ನು ಅಳಿಸಲು ಮನಸ್ಸು ಬರಲಿಲ್ಲ. ಅದು ಇನ್ನೂ ಅಲ್ಲೇ ಇದೆ, ದಾರಿ ಕಾಯುತ್ತ.