ಅಕ್ಕನ ದನಿ ಕಾರ್ಡಿನಲ್ಲೋ, ಕಂಪ್ಯೂಟರಿನಲ್ಲೋ?

2008ನೇ ಇಸವಿ, ಶ್ರಾವಣದ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮೂವರಿದ್ದೆವು: ನಾನು, ನನ್ನ ಅಕ್ಕ ಶಾಂತಾ, ಕೆಳಗಿನ ಮನೆಯ ಮಂಜುಳಾ.

ಮರುದಿನ ಅಕ್ಕನಿಗೆ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ವೈದ್ಯರು ಹೇಳಿದ್ದರು. ನಮ್ಮ ಮನೆತನದಲ್ಲಿ ಯಾವ ಮಗುವಿಗೆ ಹೆಸರಿಟ್ಟರೂ ತೊಟ್ಟಿಲ ಹಾಡು ಹೇಳುವವಳು ಅಕ್ಕನೇ. ಅವಳ ಸ್ವಂತ ಮೊಮ್ಮಗು ಹುಟ್ಟಲು ಇನ್ನೂ ಎರಡು ತಿಂಗಳಿತ್ತು. ಅದಕ್ಕೇ ಹಿಂದಿನ ವಾರ ಮಂಜುಳಾಳ ಮೊಬೈಲಿನಲ್ಲಿ ಅವಳ ಮೂರು ಹಾಡುಗಳನ್ನು ರೆಕಾರ್ಡ್ ಮಾಡಿದ್ದೆವು. ಆಮೇಲೆ ಗಂಟಲು ಪೂರ್ತಿ ಕಟ್ಟಿ ಪಿಸುಮಾತಷ್ಟೇ ಉಳಿದಿತ್ತು. ಮತ್ತೊಮ್ಮೆ ಹಾಡಿಸುವ ಮಾತೇ ಇರಲಿಲ್ಲ.

ಆ ಸಂಜೆ ಮಂಜುಳಾಳ ತಮ್ಮನ ನಿಶ್ಚಿತಾರ್ಥ. ಫೋಟೊ ತೆಗೆಯಲು ಅವಳಿಗೆ ಹಾಡುಗಳಿದ್ದ ಆ ಮೊಬೈಲಿನ ಮೆಮೊರಿ ಕಾರ್ಡ್ ಖಾಲಿ ಬೇಕಿತ್ತು. ಹಾಡುಗಳನ್ನು ನನ್ನ ಕಂಪ್ಯೂಟರಿಗೆ ಹಾಕಿ, ಕಾರ್ಡಿನಿಂದ ಅಳಿಸುವುದೆಂದು ತೀರ್ಮಾನವಾಯಿತು.

ಮಂಜುಳಾ ಕಾರ್ಡನ್ನು ಕಂಪ್ಯೂಟರಿನ ಕಾರ್ಡ್ ರೀಡರಿಗೆ ಸಿಕ್ಕಿಸಿ ಮೌಸಿನಲ್ಲಿ ಏನೋ ಒತ್ತಿದಳು. ಪರದೆಯ ಮೇಲೆ ತಕ್ಷಣ ಹಾಡಿಗೊಂದರಂತೆ ಮೂರು ಪುಟ್ಟ ಚಿತ್ರಗಳು ಬಂದವು. ಒಂದನ್ನು ಒತ್ತಿದರೆ ಅಕ್ಕನ ಹಾಡು ಕೇಳಿಸಿತು.

"ನೋಡಿದ್ರಾ ಆಂಟಿ? ಎರಡೇ ನಿಮಿಷ. ಕಾರ್ಡಿಂದ ಡಿಲೀಟ್ ಮಾಡ್ಲಾ?"

"ಇರು," ಎಂದೆ.

ನಾನು ನಿವೃತ್ತಿಯವರೆಗೂ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ರೋಗಿಯ ಮೈಯೊಳಗೆ ಹೋದ ಬಟ್ಟೆ, ಕತ್ತರಿಯೆಲ್ಲ ಹೊರಗೆ ಬಂದಿದೆಯೇ ಎಂದು ಎಣಿಸದೆ ನಾವು ಹೊಲಿಗೆ ಹಾಕಲು ಬಿಡುತ್ತಿರಲಿಲ್ಲ. ಸರ್ಜನ್ ಎಷ್ಟೇ ಅವಸರ ಮಾಡಿದರೂ ಅಷ್ಟೆ.

"ಮೊದಲು ಕಾರ್ಡ್ ತೆಗಿ. ಕಾರ್ಡಿಲ್ಲದೆ ಹಾಡಲಿ, ಆಮೇಲೆ ಅಳಿಸು."

"ಅಯ್ಯೋ, ನಿಮ್ಮ ಥಿಯೇಟರ್ ಇಲ್ಲೂ ಶುರುವಾಯ್ತಾ!" ಎಂದು ನಗುತ್ತಲೇ ಕಾರ್ಡ್ ತೆಗೆದಳು. ಒತ್ತಿದಳು. ಹಾಡು ಬರಲಿಲ್ಲ. ಫೈಲ್ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಹೇಳಿತು. ಚಿತ್ರಗಳು ಮಾತ್ರ ಅಲ್ಲೇ ಇದ್ದವು!

ಕಾರ್ಡ್ ಹಾಕಿದರೆ ಹಾಡಿತು, ತೆಗೆದರೆ ಮೌನ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆವು. ಅದೇ ಕಥೆ. ಕಣ್ಣೆದುರಿಗೆ ಇರುವ ವಸ್ತು ಇಲ್ಲವೆಂದರೆ ಏನರ್ಥ? ನನಗೆ ತಲೆಬುಡ ತಿಳಿಯಲಿಲ್ಲ. ಆಗಲೇ ಅಳಿಸಿಬಿಟ್ಟಿದ್ದರೆ ಮೂರು ಹಾಡೂ ಹೋಗಿಬಿಡುತ್ತಿದ್ದವು.

ಅಕ್ಕ ಕುರ್ಚಿಯಿಂದಲೇ ಪಿಸುಗುಟ್ಟಿದಳು. "ಲೇ, ನಾನು ಕಾರ್ಡಲ್ಲಿದೀನೋ, ಕಂಪ್ಯೂಟರಲ್ಲಿದೀನೋ? ಮೊದಲು ಅದು ಹೇಳ್ರೇ."

"ನೀನು ಸುಮ್ನಿರಕ್ಕ. ಮಾತಾಡಬಾರದು ಅಂದಿದಾರೆ ಡಾಕ್ಟ್ರು."

"ನಾಳೆಯಿಂದ ಸುಮ್ನೇ ಇರ್ತೀನಲ್ಲ ಕಣೇ."

ಮಂಜುಳಾ ಮತ್ತೆ ಆ ಚಿತ್ರಗಳನ್ನು ನೋಡಿ ಹಣೆ ಚಚ್ಚಿಕೊಂಡಳು. "ಆಂಟಿ, ನಮ್ಮ ಆಫೀಸಲ್ಲಿ ಕಾಪಿ ಮಾಡ್ವಾಗ ಪರದೆ ಮೇಲೆ ಕಾಗದ ಹಾರ್ತಾ ಹೋಗುತ್ತೆ. ಇಲ್ಲಿ ಹಾರ್ಲೇ ಇಲ್ಲ! ನಾನು ಬರೀ ಶಾರ್ಟ್‌ಕಟ್ ಮಾಡಿದೀನಿ ಅನ್ಸುತ್ತೆ. ಅದು ಹಾಡು ಎಲ್ಲಿದೆ ಅಂತ ದಾರಿ ತೋರ್ಸುತ್ತೆ ಅಷ್ಟೆ."

ಈ ಸಲ 'ಕಾಪಿ' ಒತ್ತಿ, ಹೊಸ ಫೋಲ್ಡರಿನಲ್ಲಿ 'ಪೇಸ್ಟ್' ಒತ್ತಿದಳು. ಪುಟ್ಟ ಕಾಗದಗಳು ಒಂದೊಂದಾಗಿ ಹಾರಿದವು. ಅವು ನಿಲ್ಲುವವರೆಗೂ ಕಾದೆವು. ಕಾರ್ಡನ್ನು ತೆಗೆದು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡೆ. ಮಂಜುಳಾ ಒತ್ತಿದಳು. ಅಕ್ಕ ಹಾಡಿದಳು. ಕುರ್ಚಿಯಲ್ಲಿದ್ದ ಅಕ್ಕನ ಕೈ ತಾನಾಗಿಯೇ ತೊಟ್ಟಿಲು ತೂಗುವ ಹಾಗೆ ಆಡುತ್ತಿತ್ತು. ಮೂರೂ ಹಾಡು ಮುಗಿದ ಮೇಲೆಯೇ ಕಾರ್ಡನ್ನು ಮಂಜುಳಾಳಿಗೆ ಕೊಟ್ಟೆ.

ಒಂದು ದನಿ ಹೇಗೆ ಎರಡು ಕಡೆ ಇರುತ್ತದೆ, ಹೇಗೆ ಎಲ್ಲೂ ಇಲ್ಲದಂತಾಗಿಬಿಡುತ್ತದೆ ಎಂಬುದು ನನಗೆ ಇಂದಿಗೂ ಸರಿಯಾಗಿ ಅರ್ಥವಾಗಿಲ್ಲ. ಎಣಿಸುವ ಹಳೆಯ ಅಭ್ಯಾಸ ಕೈಬಿಡಲಿಲ್ಲವೆಂಬ ಸಮಾಧಾನವಷ್ಟೇ ಇದೆ.

ಸಂಜೆ ಅಕ್ಕನ ಆಸ್ಪತ್ರೆ ಚೀಲ ಸಿದ್ಧ ಮಾಡಿದೆ. ಆಪರೇಷನ್ ಆದ ಮೇಲೆ ಬರೆದು ಹೇಳಲೆಂದು ಒಂದು ಸ್ಲೇಟು, ಬಳಪ ತಂದಿದ್ದೆ. ಅಕ್ಕ ಸ್ಲೇಟನ್ನು ಕಿತ್ತುಕೊಂಡು ಏನೋ ಬರೆದು ನನ್ನ ಕಡೆ ತಿರುಗಿಸಿದಳು.

'ಮಲಗುವ ಮೊದಲು ಇನ್ನೊಮ್ಮೆ ಎಣಿಸಿಬಿಡು.'

ಕಂಪ್ಯೂಟರ್ ಮತ್ತೆ ಹಚ್ಚಿದೆ. ಒಂದೊಂದಾಗಿ ಒತ್ತಿ ಕೇಳಿದೆ, ಮೂರೂ ಇದ್ದವು. ಆರಿಸಿ, ಬಟ್ಟೆ ಹೊದಿಸಿದೆ.