ಮಾವ ಕೊಟ್ಟ ರೂಮಿ

ನಾನು ಕಿವಿಯನ್ನು ನಂಬಿ ಮದುವೆಗೆ ಒಪ್ಪಿದವನು. ಎಪ್ಪತ್ತರ ದಶಕದ ಮಾತು. ರಾಯಚೂರಿನ ಶಾಲೆಯೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿ ಆಗಷ್ಟೇ ಸೇರಿದ್ದೆ; ಬಾಡಿಗೆಗೆ ಏನೂ ಸಿಗದೆ ಗೆಳೆಯನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದೆ. ದೇವದುರ್ಗದ ಹತ್ತಿರದ ಮಸರಕಲ್ಲಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಬಸಣ್ಣನವರು ಗಂಭೀರವಾಗಿ ಹೇಳಿದರು: "ನಮ್ಮಪ್ಪಂದು ಒಂದು ರೂಮಿ ಅದರೀ. ಅಳಿಯಗೇ ಕೊಡಬೇಕಂತ ಇಟ್ಟೀನಿ."

ನಮ್ಮ ಕಡೆ ಮನೆ ಮನಿಯಾಗುತ್ತದೆ, ಸಂತೆ ಸಂತಿಯಾಗುತ್ತದೆ. ರೂಮು ರೂಮಿಯಾದರೆ ಆಶ್ಚರ್ಯವೇನು? ಜೊತೆಗಿದ್ದ ನನ್ನ ಸೋದರಮಾವ ವ್ಯವಹಾರಸ್ಥ. "ಬ್ಯಾಸಗ್ಯಾಗ ಸೆಕಿ ಆಗ್ತದೇನ್ರಿ?" ಎಂದು ಕೇಳಿದ.

"ತುಸು ಆಗ್ತದ. ಬಣ್ಣ ಮಾತ್ರ ಇನ್ನೂ ಹಂಗೇ ಅದ."

ಹುಡುಗಿ ಶರಣಮ್ಮ ಮೊದಲೇ ಮನಸ್ಸಿಗೆ ಹಿಡಿಸಿದ್ದಳು. ಈಗ ಇನ್ನಷ್ಟು ಚೆಲುವಾಗಿ ಕಂಡಳು.

ಮದುವೆಯ ಮರುದಿನ ಮಾವ ತಗಡಿನ ಪೆಟ್ಟಿಗೆ ತೆರೆದರು. ಬೀಗದಕೈಗೆಂದು ಕೈಚಾಚಿದವನಿಗೆ ಸಿಕ್ಕಿದ್ದು ಕಪ್ಪು ಗೊಂಡೆ ಜೋತಾಡುವ ಕೆಂಪು ಟೋಪಿ. ನಿಜಾಮರ ಕಾಲದಲ್ಲಿ ಅವರ ತಂದೆ ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ರೂಮಿ ಟೋಪಿ. "ಹಾಕ್ಕೋರಿ," ಎಂದ ಮಾವನ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಬೇರೆ ಕಾರಣಕ್ಕೆ.

ಸಂಜೆ ಶರಣಮ್ಮನಿಗೆ ಎಲ್ಲ ಹೇಳಿದೆ. "ಅದನ್ನ ಅಪ್ಪ ನಮ್ಮಣ್ಣಗೂ ಮುಟ್ಟಾಕ ಕೊಟ್ಟಿಲ್ಲ. ಅಪ್ಪಗ ಈ ಮಾತು ತಿಳೀಬಾರದು. ಮನಿ ನಾವೇ ಹುಡುಕೋಣ," ಎಂದಳು. ಆಮೇಲೆ ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರೂಮಿ ಎಂಬ ಪದದ ಮೂಲ ನೋಡಲು ನಾನು ಗ್ರಂಥಾಲಯಕ್ಕೆ ಹೋದೆ. ಕಾನ್‌ಸ್ಟಾಂಟಿನೋಪಲ್ಲಿನ ಕ್ರೈಸ್ತ ರೋಮನ್ ಸಾಮ್ರಾಜ್ಯವನ್ನು ಅರಬರು 'ರೂಮ್' ಎನ್ನುತ್ತಿದ್ದರಂತೆ, ಅಲ್ಲಿಯದೆಲ್ಲ ರೂಮಿ. ತುರ್ಕರು ಆ ನೆಲವನ್ನು ಗೆದ್ದ ಮೇಲೂ ಹೆಸರು ಉಳಿದು, ಅವರ ಟೋಪಿಯೂ ರೂಮಿಯಾಯಿತು. ನಮ್ಮೂರು ಮಾನ್ವಿಯಲ್ಲಿ ನಮ್ಮವ್ವ ಹೊಟ್ಟೆನೋವಿಗೆ ಹಕೀಮರಿಂದ ತರಿಸುತ್ತಿದ್ದ ಅಂಟು, 'ರೂಮಿ ಮಸ್ತಗಿ', ಅದೂ ಇದೇ ವಂಶದ್ದು. ಆ ಸಾಮ್ರಾಜ್ಯದ ಪತನದ ಕಾರಣಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ.

ಕೊನೆಗೆ ಸ್ಟೇಷನ್ ಹತ್ತಿರ ಒಂದು ಕೋಣೆ ಸಿಕ್ಕಿತು. ಬಾಗಿಲು ತೆರೆದರೆ ಒಲೆ, ಒಲೆ ದಾಟಿದರೆ ಗೋಡೆ. ಒಮ್ಮೆ ಮಾವ ನೋಡಲು ಬಂದರು. ನಾನು ಟೋಪಿ ಹಾಕಿಕೊಂಡೇ ಸ್ವಾಗತಿಸಿದೆ. ಅವರು ಹಿಗ್ಗಿ, ಕುಳಿತು, ಸುತ್ತ ನೋಡಿ ಮಂಕಾದರು.

"ಇಲ್ಲೇ ರಾಯಚೂರಾಗ ನನ್ನ ತಮ್ಮನ ಮನಿ ಖಾಲಿ ಬಿದ್ದದಲ್ರೀ. ಅವಾಗೇ ಹೇಳಬೇಕಂತಿದ್ದೆ. ಅಳಿಯಂದಿರು ಸ್ವಾಭಿಮಾನದವರು, ಬ್ಯಾಡ ಅಂತಾರಂತ ಸುಮ್ಮನಾದೆ."

ಶರಣಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮುಂದಿನ ವಾರವೇ ಆ ಮನೆಗೆ ಹೋದೆವು. ಸ್ವಾಭಿಮಾನ ಎಂಬ ಪದದ ಅರ್ಥ ನೋಡಲು ಮಾತ್ರ ನಾನು ಗ್ರಂಥಾಲಯಕ್ಕೆ ಹೋಗಲಿಲ್ಲ.