ಸುಣ್ಣದ ಗೆರೆಯೊಳಗಿನ ಅಡುಗೆಮನೆ

ಪಾರ್ವತಿನಗರದ ಪವಮಾನ ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಅಗಲ ನೋಡುತ್ತಿದ್ದರು, ಯೋಗಕ್ಷೇಮ ಕೇಳುವುದು ಆಮೇಲೆ. ಮದುವೆಯಾದ ಮರುದಿನವೇ ಮಾವನ ಹತ್ತಿರ, ನಿಮ್ಮ ಬಚ್ಚಲಿನಲ್ಲಿ ಮೊಣಕೈ ಗೋಡೆಗೆ ತಾಗುತ್ತದೆ ಎಂದಿದ್ದರು. ಹೆಂಡತಿ ಸುಪ್ರಜಾ ಆ ಮಾತನ್ನು ಇವತ್ತಿಗೂ ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ.

ಬಹಳ ವರ್ಷ ಅವರು ಒಬ್ಬ ಎಂಜಿನಿಯರರ ಕೈಕೆಳಗೆ ನಕ್ಷೆ ಬರೆದವರು. ನಕ್ಷೆಯಲ್ಲಿ ಮಂಚವನ್ನು ಸಣ್ಣದಾಗಿ ಬರೆದರೆ ಕೋಣೆ ದೊಡ್ಡದಾಗಿ ಕಾಣುತ್ತದೆಂಬ ಗುಟ್ಟು ಅಲ್ಲಿ ತಿಳಿಯಿತು. ಒಂದು ದಿನ ಐದಡಿಯ ಮಂಚ ಬರೆಯಲು ಹೇಳಿದಾಗ, "ಇದರಾಗ ಯಾರು ಮಲಗತಾರ್ರಿ?" ಎಂದು ಕೇಳಿ ಕೆಲಸ ಬಿಟ್ಟು ಬಂದರು. ಮನೆಯ ಮುಂದಿನ ಕೋಣೆಯಲ್ಲೇ ಸಲಹಾ ಕಚೇರಿ ತೆರೆದರು. ಮನೆ ಕಟ್ಟಿ ಮಾರುವವರಿಗೆ ಯಾವ ಕೋಣೆ ಎಷ್ಟಿರಬೇಕೆಂದು ಹೇಳುವುದು, ಅವರ ಸಿಬ್ಬಂದಿಗೆ ತರಬೇತಿ ಕೊಡುವುದು, ಇಷ್ಟೇ ಕೆಲಸ. ಆ ಕಚೇರಿಯಲ್ಲಿ ಮೇಜು, ಕಪಾಟು, ಪವಮಾನ ಮೂರೂ ಸೇರಿದ ಮೇಲೆ ಬಂದವರು ಓರೆಯಾಗಿ ಕೂರಬೇಕಿತ್ತು.

ಹೋದ ವರ್ಷ ಹೊನ್ನೂರಸ್ವಾಮಿ ಎಂಬವರು ಕುರುಗೋಡಿನ ಅಂಚಿನಲ್ಲಿ ಮೂವತ್ತು ಮನೆ ಕಟ್ಟಲು ಹೊರಟು, ತಮ್ಮ ಎಂಟು ಜನ ಸಿಬ್ಬಂದಿಗೆ ಮೂರು ದಿನ ತರಬೇತಿ ಕೊಡಲು ಇವರನ್ನು ಕರೆಸಿದರು. ಎರಡು ದಿನ ಪವಮಾನ ಅಳತೆಯ ಪುಸ್ತಕ ಹಿಡಿದು ಗೋಡೆಯ ಮೇಲೆ ಚಿತ್ರ ತೋರಿಸಿದರು. ಊಟವಾದ ಮೇಲೆ ಕಣ್ಣು ಬಿಟ್ಟುಕೊಂಡು ಕುಳಿತಿದ್ದವರು ಅವರೊಬ್ಬರೇ. ಮೂರನೆಯ ದಿನ ಎಲ್ಲರನ್ನೂ ಖಾಲಿ ಜಾಗಕ್ಕೆ ಕರೆದೊಯ್ದು, ಕಟ್ಟಬೇಕಿದ್ದ ಮನೆಯನ್ನು ಅದೇ ಅಳತೆಯಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬರೆದರು.

"ಇವತ್ತ ನೀವೆಲ್ಲ ಈ ಮನಿಯಾಗ ಸಂಸಾರ ಮಾಡ್ರಿ," ಎಂದರು.

ಮೇಸ್ತ್ರಿಗಳನ್ನು ನೋಡಿಕೊಳ್ಳುವ ಪರಶು ಮನೆಯ ಯಜಮಾನನಾದ. ಮಲಗುವ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರೆ ಅವನ ಪಾದಗಳು ಪಕ್ಕದ ಮನೆಯಲ್ಲಿದ್ದವು. ಅಡುಗೆಮನೆಗೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಸೈಟಿನ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡುವ ಅಕ್ತರಬಿಯನ್ನು ಕರೆದರು. ಆಕೆ ಸುಣ್ಣದ ಗೆರೆಯೊಳಗೆ ಬಂದು, ನೆಲದ ಮೇಲೆ ಕುಳಿತು, ಸುತ್ತ ನೋಡಿದಳು.

"ಸಾರ್, ರೊಟ್ಟಿ ಬಡಿಯಾಕ ಕುಂತ್ರ ನನ್ನ ಮೊಣಕಾಲು ಗೋಡಿಯೊಳಗ ಹೋಗತೈತಿ."

"ಅಡಿಗಿ ನಿಂತು ಮಾಡೂದು ಅಲ್ಲೇನ್ರಿ?" ಎಂದರು ಪವಮಾನ.

"ಅನ್ನ, ಸಾರು ನಿಂತು ಮಾಡ್ತೀನ್ರಿ. ರೊಟ್ಟಿ ಕುಂತೇ ಬಡಿಯೂದು. ನಿಮ್ಮ ಪುಸ್ತಕದಾಗ ರೊಟ್ಟಿ ಇಲ್ಲೇನ್ರಿ?"

ಎಲ್ಲರೂ ನಕ್ಕರು. ಪವಮಾನ ಒಂದೆರಡು ನಿಯಮ ಹೇಳಲು ನೋಡಿ, ನಡುವೆಯೇ ನಿಲ್ಲಿಸಿದರು. ಪುಸ್ತಕದಲ್ಲಿ ರೊಟ್ಟಿ ನಿಜಕ್ಕೂ ಇರಲಿಲ್ಲ. ಆಕೆಯ ಮುಂದೆ ಒಲೆ, ಪಕ್ಕದಲ್ಲಿ ಹಿಟ್ಟಿನ ಪರಾತ, ನೀರಿನ ತಂಬಿಗೆ ಇಡಿಸಿ, ಮಂಡಿಯೂರಿ ಅಳೆದರು. ಒಂದೂವರೆ ಅಡಿ ಕಡಿಮೆ ಬಿದ್ದಿತ್ತು.

ಸಂಜೆ ಮನೆಗೆ ಬಂದು ಇದನ್ನು ದೊಡ್ಡ ಸಂಶೋಧನೆಯಂತೆ ಸುಪ್ರಜಾಗೆ ಹೇಳಿದರು.

"ಹದಿನೆಂಟು ವರ್ಷ ಆತು, ನಮ್ಮ ಫ್ರಿಜ್ಜಿನ ಬಾಗಲಾ ನಾ ಅರ್ಧಾನೇ ತಗೀತೀನಿ," ಎಂದರು ಸುಪ್ರಜಾ. "ಅದು ನಿಮ್ಮ ಕಣ್ಣಿಗೆ ಬಿದ್ದದೇನು?"

ಪವಮಾನ ಎದ್ದು ಹೋಗಿ ನೋಡಿದರು. ಬಾಗಿಲು ಅಡುಗೆಯ ಕಟ್ಟೆಗೆ ಬಡಿದು ನಿಂತಿತು. ಮುಂದಿನ ಭಾನುವಾರ ಫ್ರಿಜ್ಜು ಸಲಹಾ ಕಚೇರಿಗೆ ವರ್ಗವಾಯಿತು. ಬಂದವರು ಈಗ ನಿಂತೇ ಮಾತಾಡುತ್ತಾರೆ.

ಕುರುಗೋಡಿನಲ್ಲಿ ಹಾಲ್‌ನ ಒಂದೂವರೆ ಅಡಿಯನ್ನು ಅಡುಗೆಮನೆಗೆ ಕೊಡಲು ಹೊನ್ನೂರಸ್ವಾಮಿ ಸುಲಭಕ್ಕೆ ಒಪ್ಪಲಿಲ್ಲ. "ಹಾಲ್ ಸಣ್ಣದಾದ್ರ ನೋಡಾಕ ಬಂದೋರು ಏನಂತಾರ್ರಿ?"

ಉತ್ತರ ಕೊಟ್ಟವನು ಪರಶು. "ಹಾಲ್ ನೋಡಿ ತಲಿ ಆಡಿಸೋರು ಗಂಡಸರು ಸಾವ್ಕಾರ್ರ. ಅಡಿಗಿ ಮನಿ ನೋಡಿ ಬ್ಯಾಡ ಅನ್ನೋರು ಹೆಂಗಸರು. ಕಡೀಕ ಯಾರ ಮಾತು ನಡಿತೈತಿ ನಿಮಗ ಗೊತ್ತಲ್ಲ."

ಹೊನ್ನೂರಸ್ವಾಮಿಗೆ ಗೊತ್ತಿತ್ತು. ನಕ್ಷೆ ಬದಲಾಯಿತು. ಪರಶುವಿನ ಕಾಲಿಗೂ ಅರ್ಧ ಅಡಿ ಸಿಕ್ಕಿತು.

ಎರಡು ತಿಂಗಳ ನಂತರ ಸಿರುಗುಪ್ಪದಲ್ಲಿ ಇಂಥದೇ ತರಬೇತಿ ನಿಗದಿಯಾದಾಗ ಪವಮಾನ ಅಕ್ತರಬಿಯ ಮನೆಗೇ ಹೋಗಿ ಕರೆದರು.

"ನಾ ಸಾಲಿ ಕಲಿತಾಕಿ ಅಲ್ರಿ," ಎಂದಳು ಆಕೆ.

"ಆ ಅಡಿಗಿ ಮನಿ ಬರದೋರು ಸಾಲಿ ಕಲಿತೋರೇ," ಎಂದರು ಪವಮಾನ.

ಆಕೆ ಬಂದಳು. ಬರುವಾಗ ಚೀಲದಲ್ಲಿ ಬಕೆಟ್ಟು, ಕೊಡ, ಪರಾತ, ನಾಲ್ಕು ಹಳೆಯ ಸೀರೆ ತಂದಿದ್ದಳು. ಸುಣ್ಣದಲ್ಲಿ ಬರೆದ ಬಚ್ಚಲಿಗೆ ಇಬ್ಬರು ಎಂಜಿನಿಯರರನ್ನು ಕರೆದು ಸೀರೆ ಒಗೆಯಲು ಕೂರಿಸಿದಳು. ಬಕೆಟ್ಟು ಎಲ್ಲಿಡುತ್ತೀರಿ, ಹಿಂಡಿದ ಬಟ್ಟೆ ಎಲ್ಲಿ ಹಾಕುತ್ತೀರಿ ಎಂದು ಬಿಡದೆ ಕೇಳಿದಳು. ಅವರು ತಡವರಿಸುತ್ತಿದ್ದಾಗ ಪವಮಾನ ನಡುವೆ ಬಂದು ವಿವರಿಸಲು ಶುರುಮಾಡಿದರು.

"ಸಾರ್," ಎಂದಳು ಅಕ್ತರಬಿ, "ಜಾಗ ಸಾಲವಲ್ದು. ನೀವು ಗೋಡಿ ಆಚಿ ನಿಂದರ್ರಿ."

ಪವಮಾನ ಗೆರೆ ದಾಟಿ ಆಚೆ ಹೋಗಿ, ಬಿಸಿಲಲ್ಲಿ ನಿಂತು ಆಕೆ ಹೇಳಿದ್ದನ್ನೆಲ್ಲ ಬರೆದುಕೊಳ್ಳತೊಡಗಿದರು.